ಬಿದ್ದ ಪ್ರೋಗ್ರಾಮಿನ ಪಂಚನಾಮೆ

ಕಲ್ಲೂರಿನಿಂದ ಬೆಳಗಿನ ಬಸ್ಸು ಹಿಡಿದು ರಾಯಚೂರಿನ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವವರಿಗೆ, ಮಾನ್ವಿ ದೇವದುರ್ಗಗಳಲ್ಲಿ ಪಿಯುಸಿಗೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ, ಡಿಗ್ರಿ ಮುಗಿಸಿ ಬೆಂಗಳೂರಿನ ಪಿ.ಜಿ. ಕೋಣೆ ಸೇರಲು ಚೀಲ ಕಟ್ಟುತ್ತಿರುವವರಿಗೆ ಈ ಮಾತು. ನೀವು ನಮ್ಮ ಮನೆಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ‘ಯಾವ ಕೋರ್ಸ್ ಮಾಡಿದ್ರ ಕೆಲಸ ಸಿಗ್ತದ್ರಿ?’ ಅದಕ್ಕೆ ಉತ್ತರ ವರ್ಷವರ್ಷಕ್ಕೂ ಬದಲಾಗುತ್ತದೆ. ಹಿಂದೆ ಜಾವಾ ಅಂದರು, ಆಮೇಲೆ ಕ್ಲೌಡ್ ಅಂದರು, ಈಗ ಎಐ ಅನ್ನುತ್ತಾರೆ. ಯಾವ ಕೋರ್ಸಿನಲ್ಲೂ ಮನಸ್ಸಿಟ್ಟು ಹೇಳಿಕೊಡದ ಒಂದು ವಿಷಯವಿದೆ. ಸರ್ವರ್‌ಗಳ ಜೊತೆ ಬದುಕು ಸವೆಸಿ ಊರಿಗೆ ಮರಳಿದವನಾಗಿ ಅದನ್ನು ನಿಮಗೆ ಒಪ್ಪಿಸಬೇಕು.

ಪ್ರೋಗ್ರಾಂ ಓಡುವಾಗ ಏನಾಗುತ್ತದೆ ಎಂದು ಎಲ್ಲರೂ ಕಲಿಸುತ್ತಾರೆ. ಅದು ಬಿದ್ದಾಗ ಯಾರು ಬರುತ್ತಾರೆ, ಬಂದವರ ಕೈಯಲ್ಲಿ ಎಷ್ಟು ಅಧಿಕಾರವಿರುತ್ತದೆ, ಅವರು ಏನನ್ನು ಎತ್ತಿಟ್ಟುಕೊಳ್ಳುತ್ತಾರೆ ಎಂಬುದನ್ನು ಯಾರೂ ಕಲಿಸುವುದಿಲ್ಲ. ನೀವು ಉಬುಂಟು ಬಳಸಿದ್ದರೆ ಆ ಪುಟ್ಟ ಕಿಟಕಿಯನ್ನು ಕಂಡಿರುತ್ತೀರಿ: ಸಿಸ್ಟಮ್ಮಿನಲ್ಲಿ ತೊಂದರೆ ಕಂಡಿದೆ, ವರದಿ ಕಳಿಸಲೇ ಎಂದು ಕೇಳುತ್ತದೆ. ಬಹುತೇಕರು ಓದದೆ ಮುಚ್ಚುತ್ತಾರೆ. ಆ ಕಿಟಕಿಯ ಹಿಂದಿರುವ ಸಾಫ್ಟ್‌ವೇರ್‌ನ ಹೆಸರು ಅಪೋರ್ಟ್. ಮಾರ್ಟಿನ್ ಪಿಟ್ ಎಂಬ ಡೆವಲಪರ್ 2006ರ ಸುಮಾರಿಗೆ ಉಬುಂಟುವಿಗಾಗಿ ಬರೆದದ್ದು. ರೆಡ್ ಹ್ಯಾಟ್, ಫೆಡೋರಾಗಳಲ್ಲಿ ಇದೇ ಕೆಲಸಕ್ಕೆ ಮೊದಲು ಎಬಿಆರ್‌ಟಿ ಇತ್ತು, ಈಗ ಸಿಸ್ಟಮ್‌ಡಿ-ಕೋರ್‌ಡಂಪ್ ಇದೆ. ವಿಂಡೋಸಿನಲ್ಲಿ ವಿಂಡೋಸ್ ಎರರ್ ರಿಪೋರ್ಟಿಂಗ್.

ಇವು ಮಾಡುವ ಕೆಲಸ ಒಳ್ಳೆಯದೇ. ಮಾನ್ವಿಯ ಒಂದು ಲ್ಯಾಬಿನಲ್ಲಿ ಪ್ರೋಗ್ರಾಂ ಕುಸಿದುಬಿದ್ದರೆ ಅದನ್ನು ಬರೆದವನಿಗೆ ಗೊತ್ತಾಗುವುದು ಹೇಗೆ? ಅವನು ಎಲ್ಲೋ ಯೂರೋಪಿನಲ್ಲಿರುತ್ತಾನೆ. ಕುಸಿದ ಗಳಿಗೆಯಲ್ಲಿ ಮೆಮೊರಿಯಲ್ಲಿ ಏನಿತ್ತು, ಯಾವ ಸಾಲಿನಲ್ಲಿ ಎಡವಿತು ಎಂಬ ಚಿತ್ರ ಸಿಕ್ಕರೆ ಮಾತ್ರ ದುರಸ್ತಿ ಮಾಡಬಲ್ಲ. ಆ ಚಿತ್ರವನ್ನೇ ಕೋರ್ ಡಂಪ್ ಅನ್ನುತ್ತಾರೆ. ಲಿನಕ್ಸ್ ಕರ್ನಲ್ 2.6.19ನೆಯ ಆವೃತ್ತಿಯಿಂದ ಒಂದು ಸೌಲಭ್ಯ ಕೊಟ್ಟಿತು: ಪ್ರೋಗ್ರಾಂ ಬಿದ್ದರೆ ಆ ಡಂಪನ್ನು ನೇರವಾಗಿ ಫೈಲಿಗೆ ಬರೆಯುವ ಬದಲು ಇನ್ನೊಂದು ಪ್ರೋಗ್ರಾಮಿನ ಕೈಗೆ ಪೈಪ್ ಮೂಲಕ ಕೊಡಬಹುದು. ಆ ಇನ್ನೊಂದು ಪ್ರೋಗ್ರಾಮನ್ನು ಕರ್ನಲ್ ರೂಟ್ ಅಧಿಕಾರದಿಂದ ಎಬ್ಬಿಸುತ್ತದೆ. ರೂಟ್ ಎಂದರೆ ಆ ಯಂತ್ರದಲ್ಲಿ ಅದಕ್ಕೆ ಮುಚ್ಚಿದ ಬಾಗಿಲೇ ಇಲ್ಲ. ನನ್ನ ಮಾತೆಲ್ಲ ಹುಟ್ಟುವುದು ಈ ಸಾಲಿನಿಂದ, ಇನ್ನೊಮ್ಮೆ ಓದಿಕೊಳ್ಳಿ. ಬಿದ್ದದ್ದು ಸಾಮಾನ್ಯ ಬಳಕೆದಾರನ ಪ್ರೋಗ್ರಾಂ, ಎತ್ತಲು ಬಂದದ್ದು ರೂಟ್.

ನಮ್ಮ ಕಡೆ ಮನೆಗೆ ಬೆಂಕಿ ಬಿದ್ದರೆ, ಯಾರಾದರೂ ಅಕಾಲದಲ್ಲಿ ತೀರಿಕೊಂಡರೆ ಪಂಚನಾಮೆ ಮಾಡುತ್ತಾರಲ್ಲ, ಇದೂ ಅದೇ. ಪಂಚನಾಮೆಗೆ ಬಂದ ಅಧಿಕಾರಿ ಯಾವ ಕೋಣೆಯನ್ನಾದರೂ ತೆರೆಸಬಹುದು, ಪೆಟ್ಟಿಗೆಯಲ್ಲಿನ ಪಹಣಿ ಪತ್ರದಿಂದ ಹಿಡಿದು ತಾಳಿಯ ಬಂಗಾರದವರೆಗೆ ಎಲ್ಲವನ್ನೂ ಪಟ್ಟಿ ಮಾಡಬಹುದು. ಆ ಅಧಿಕಾರ ಅವನಿಗೆ ಬೇಕು, ಇಲ್ಲದಿದ್ದರೆ ಕೆಲಸವೇ ಆಗದು. ಆದರೆ ಅವನು ಪಟ್ಟಿ ಬರೆಯುತ್ತಿರುವಾಗ ಯಾರೋ ಬಾಗಿಲ ಮೇಲಿನ ಮನೆ ನಂಬರು ಕಿತ್ತು ಪಕ್ಕದ ಮನೆಗೆ ಹೊಡೆದರೆ? ಅಧಿಕಾರಿ ನಂಬರು ನೋಡಿ, ಪಟ್ಟಿಯನ್ನೂ ಸಾಮಾನನ್ನೂ ಆ ಪಕ್ಕದ ಮನೆಯವನ ಕೈಗೆ ಕೊಟ್ಟು ಸಹಿ ತೆಗೆದುಕೊಂಡರೆ? ಅವನು ಲಂಚ ತಿಂದಿಲ್ಲ, ಬೀಗ ಒಡೆದಿಲ್ಲ. ನಂಬರು ನಂಬಿದ್ದಾನೆ, ಅಷ್ಟೇ.

2025ರ ಮೇ 29ರಂದು ಕ್ವಾಲಿಸ್ ಎಂಬ ಭದ್ರತಾ ಸಂಸ್ಥೆ ಬಯಲಿಗೆ ತಂದ ಎರಡು ದೋಷಗಳು ಹೆಚ್ಚುಕಡಿಮೆ ಇಂಥವೇ. ಒಂದು ಅಪೋರ್ಟ್‌ನದು, ದೋಷಗಳಿಗೆ ಕೊಡುವ ಗುರುತಿನ ನಂಬರು ಸಿವಿಇ-2025-5054. ಇನ್ನೊಂದು ಸಿಸ್ಟಮ್‌ಡಿ-ಕೋರ್‌ಡಂಪ್‌ನದು, ಸಿವಿಇ-2025-4598. ಎರಡರ ಮೂಲವೂ ರೇಸ್ ಕಂಡಿಷನ್, ಅಂದರೆ ನೋಡುವ ಗಳಿಗೆಗೂ ಮಾಡುವ ಗಳಿಗೆಗೂ ನಡುವೆ ಯಾರೋ ನುಸುಳುವಷ್ಟು ಸಂದು.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಅರ್ಥವಾದರೆ ಓಎಸ್ ಪುಸ್ತಕದ ಅರ್ಧ ಅಧ್ಯಾಯ ಅರ್ಥವಾದಂತೆ. ಲಿನಕ್ಸಿನಲ್ಲಿ ಓಡುವ ಪ್ರತಿ ಪ್ರೋಸೆಸ್ಸಿಗೂ ಒಂದು ನಂಬರು ಇರುತ್ತದೆ, ಪಿಐಡಿ. ಪ್ರೋಸೆಸ್ ಸತ್ತ ಮೇಲೆ ಆ ನಂಬರು ಖಾಲಿಯಾಗುತ್ತದೆ. ಮುಂದೆ ಹುಟ್ಟುವ ಬೇರೆ ಪ್ರೋಸೆಸ್ಸಿಗೆ ಅದೇ ನಂಬರು ಸಿಗಬಹುದು. ಪ್ರೋಗ್ರಾಂ ಬಿದ್ದಾಗ ಕರ್ನಲ್ ಅಪೋರ್ಟನ್ನು ಎಬ್ಬಿಸಿ ‘ಇಂಥ ನಂಬರಿನವನು ಬಿದ್ದ, ನೋಡು’ ಅನ್ನುತ್ತದೆ. ಅಪೋರ್ಟ್ ಎರಡು ಪ್ರಶ್ನೆ ಕೇಳಿಕೊಳ್ಳಬೇಕಿತ್ತು. ಬಿದ್ದವನು ಕಂಟೇನರಿನೊಳಗಿನವನೇ, ಅಂದರೆ ಯಂತ್ರದೊಳಗೇ ಗೋಡೆ ಕಟ್ಟಿ ಬೇರ್ಪಡಿಸಿದ ಕೋಣೆಯವನೇ? ಹೌದಾದರೆ ಡಂಪನ್ನು ಆ ಕಂಟೇನರಿನೊಳಗಿನ ಅಪೋರ್ಟಿಗೆ ದಾಟಿಸಬೇಕು. ಎರಡನೆಯದು, ಈ ನಂಬರಿನಲ್ಲಿ ಈಗ ಇರುವವನು ಆಗ ಬಿದ್ದವನೇ, ಇಲ್ಲಾ ಬೇರೆ ಯಾರಾದರೂ ಬಂದು ಕೂತಿದ್ದಾನೆಯೇ? ಎರಡೂ ಪರೀಕ್ಷೆಗಳು ಕೋಡಿನಲ್ಲಿದ್ದವು. ಮೊದಲು ಕೇಳಬೇಕಾದದ್ದನ್ನು ಆಮೇಲೆ ಕೇಳುತ್ತಿದ್ದದ್ದೇ ದೋಷ. ದಾಳಿಕೋರ ಬಲವಾದ ಅಧಿಕಾರದ ಪ್ರೋಗ್ರಾಮೊಂದನ್ನು ಬೀಳಿಸಿ, ಅದೇ ನಂಬರಿಗೆ ಕ್ಷಣಾರ್ಧದಲ್ಲಿ ತನ್ನ ಕಂಟೇನರಿನ ಪ್ರೋಸೆಸ್ಸನ್ನು ತಂದು ಕೂರಿಸಿದರೆ, ಅಪೋರ್ಟ್ ಡಂಪನ್ನು ಅವನ ಕಂಟೇನರಿಗೇ ತಲುಪಿಸಿಬಿಡುತ್ತಿತ್ತು. ಗುರುತು ಪರೀಕ್ಷೆಯ ಸರದಿ ಬರುವ ಹೊತ್ತಿಗೆ ಸಾಮಾನು ಕೈದಾಟಿರುತ್ತಿತ್ತು.

ಸಿಸ್ಟಮ್‌ಡಿಯ ದೋಷದಲ್ಲಿ ಕ್ವಾಲಿಸ್‌ನವರು ಮಾತಿಗೆ ನಿಲ್ಲದೆ ಮಾಡಿ ತೋರಿಸಿದರು. ಪಾಸ್‌ವರ್ಡ್ ಸರಿಯಿದೆಯೇ ಎಂದು ನೋಡುವ ಯುನಿಕ್ಸ್-ಚೆಕ್‌ಪಿಡಬ್ಲ್ಯೂಡಿ ಎಂಬ ಪುಟ್ಟ ಪ್ರೋಗ್ರಾಂ ಬಹಳಷ್ಟು ಲಿನಕ್ಸ್‌ಗಳಲ್ಲಿ ಇದ್ದೇ ಇರುತ್ತದೆ. ಯಾರು ಓಡಿಸಿದರೂ ಅದು ವಿಶೇಷ ಅಧಿಕಾರದಿಂದ ಓಡುತ್ತದೆ. ಎಲ್ಲ ಬಳಕೆದಾರರ ಪಾಸ್‌ವರ್ಡ್ ಹ್ಯಾಶ್‌ಗಳಿರುವ ಶ್ಯಾಡೋ ಫೈಲನ್ನು ಮೆಮೊರಿಗೆ ತಂದುಕೊಳ್ಳುತ್ತದೆ. ಅದನ್ನು ಬೀಳಿಸಿ, ಅದರ ನಂಬರಿಗೆ ಸಾಮಾನ್ಯ ಪ್ರೋಸೆಸ್ಸೊಂದನ್ನು ಕೂರಿಸಿದರೆ, ಕೋರ್‌ಡಂಪ್ ಸಾಫ್ಟ್‌ವೇರ್ ‘ಇದು ಸಾಮಾನ್ಯನದು’ ಎಂದುಕೊಂಡು ಆ ಡಂಪನ್ನು ಓದಲು ಬಳಕೆದಾರನಿಗೆ ಅನುಮತಿ ಕೊಡುತ್ತದೆ. ಒಳಗೆ ಹ್ಯಾಶ್‌ಗಳು. ಉಬುಂಟುವಿನಲ್ಲಿ 16.04ರಿಂದ 24.04ರವರೆಗೆ, ರೆಡ್ ಹ್ಯಾಟಿನಲ್ಲಿ 9 ಮತ್ತು 10, ಫೆಡೋರಾ 40 ಮತ್ತು 41 — ಇಷ್ಟೂ ಈ ಜೋಡಿ ದೋಷಗಳ ವ್ಯಾಪ್ತಿಗೆ ಬಂದವು.

ದುರಸ್ತಿಯ ಕಥೆಯೂ ಕೇಳುವಂಥದ್ದು. ಅಪೋರ್ಟ್‌ನಲ್ಲಿ ಪರೀಕ್ಷೆಗಳ ಕ್ರಮ ಸರಿಪಡಿಸಿದರು. ಕರ್ನಲ್‌ನವರು ಇನ್ನೂ ಆಳಕ್ಕೆ ಹೋಗಿ, ಬರೀ ನಂಬರಿನ ಬದಲು ಆ ಪ್ರೋಸೆಸ್ಸಿಗೇ ಅಂಟಿಕೊಂಡ, ಇನ್ನೊಬ್ಬರಿಗೆ ಎಂದೂ ವರ್ಗವಾಗದ ಒಂದು ಹಿಡಿಕೆಯನ್ನು ಡಂಪ್ ಎತ್ತುವವನ ಕೈಗೆ ಕೊಡುವ ವ್ಯವಸ್ಥೆ ಮಾಡಿದರು. ಪಿಐಡಿಎಫ್‌ಡಿ ಅನ್ನುತ್ತಾರೆ. ನಂಬರನ್ನು ಇನ್ನೊಬ್ಬ ಹೊತ್ತುಕೊಳ್ಳಬಹುದು, ಹಿಡಿಕೆಯನ್ನು ಹೊತ್ತುಕೊಳ್ಳಲಾಗದು. ನಿಮ್ಮ ಪ್ರಾಜೆಕ್ಟಿನಲ್ಲಿ ಬಳಕೆದಾರನ ಐಡಿಯನ್ನು ಪುಟದಿಂದ ಪುಟಕ್ಕೆ ಕೊಂಡೊಯ್ಯುವಾಗ ಈ ವ್ಯತ್ಯಾಸವನ್ನು ನೆನೆಯಿರಿ. ಮೊದಲ ಪುಟದಲ್ಲಿ ಒಮ್ಮೆ ನೋಡಿ, ನಾಲ್ಕನೆಯ ಪುಟದಲ್ಲಿ ಅದೇ ಆಸಾಮಿ ಎಂದು ನಂಬಿ ಅಂಕಪಟ್ಟಿ ತೆರೆದು ಕೊಡುವ ಪ್ರಾಜೆಕ್ಟುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನೋಡುವುದು ಮತ್ತು ಕೊಡುವುದು ಅಕ್ಕಪಕ್ಕದಲ್ಲೇ ಇರಬೇಕು, ನೋಡುವುದು ಮೊದಲಿರಬೇಕು.

ಈ ಎರಡು ದೋಷಗಳ ತೀವ್ರತೆಗೆ ಬಂದ ಅಂಕ ಹತ್ತಕ್ಕೆ 4.7. ‘ಮಧ್ಯಮ’ ದರ್ಜೆ. ದಾಳಿಕೋರ ಅದೇ ಯಂತ್ರದೊಳಗೆ ಲಾಗಿನ್ ಆಗಿರಬೇಕು, ರೇಸನ್ನು ಗೆಲ್ಲಬೇಕು. ಆದ್ದರಿಂದ ಕಡಿಮೆ ಅಂಕ. ಅಂಕ ನೋಡಿ ಅಲಕ್ಷ್ಯ ಮಾಡುವ ಅಡ್ಮಿನ್‌ಗಳಿದ್ದಾರೆ, ಅವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯ ಕಾಲೇಜು ಲ್ಯಾಬನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದೇ ಸರ್ವರಿಗೆ ಇಡೀ ಸೆಕ್ಷನ್ ಲಾಗಿನ್ ಆಗುತ್ತದೆ; ಸಿ ಪ್ರೋಗ್ರಾಂ ಬರೆದು ಅಲ್ಲೇ ಓಡಿಸುತ್ತದೆ, ಅಲ್ಲೇ ಬೀಳಿಸುತ್ತದೆ. ಅಲ್ಲಿ ಎಲ್ಲರೂ ‘ಒಳಗಿನವರೇ’. ಮನೆಯ ಲ್ಯಾಪ್‌ಟಾಪಿನಲ್ಲಿ ಒಬ್ಬನೇ ಕೂತವನಿಗೆ 4.7 ಅನ್ನುವುದು, ಹತ್ತಾರು ಜನ ಹಂಚಿಕೊಳ್ಳುವ ಯಂತ್ರದಲ್ಲಿ ಹಾಗೆ ಉಳಿಯುವುದಿಲ್ಲ. ಒಬ್ಬ ಹುಡುಗನ ಕೈಗೆ ಮೇಷ್ಟರ ಪಾಸ್‌ವರ್ಡಿನ ಹ್ಯಾಶ್ ಸಿಕ್ಕಿತು, ಅದನ್ನು ಒಡೆದು ಪಾಸ್‌ವರ್ಡನ್ನೂ ಕಂಡುಕೊಂಡ ಅನ್ನಿ. ಮೇಷ್ಟರು ಅದೇ ಪಾಸ್‌ವರ್ಡನ್ನು ಮೇಲ್‌ಗೂ ಬ್ಯಾಂಕಿಗೂ ಇಟ್ಟಿದ್ದರೆ? ಅಂಕ ಕೊಟ್ಟವರು ನಮ್ಮ ಲ್ಯಾಬನ್ನು ಕಂಡವರಲ್ಲ. ಎಷ್ಟು ಜನ ಹಂಚಿಕೊಳ್ಳುತ್ತಾರೆ, ಒಳಗೆ ಏನೇನಿದೆ ಎಂದು ಲೆಕ್ಕ ಹಾಕಬೇಕಾದವರು ನಾವು.

ಇದು ನಮ್ಮೂರಿಗೆ ದೂರದ ವಿಷಯವಲ್ಲ ಅನ್ನಲು ಇನ್ನೊಂದು ಕಾರಣವಿದೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಡಿಎಸ್‌ಇಆರ್‌ಟಿ ಮೂಲಕ ನಡೆದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮದಲ್ಲಿ, ‘ಟಾಲ್ಪ್’ ಎಂದು ಮೇಷ್ಟರುಗಳ ಬಾಯಲ್ಲಿರುವ ತರಬೇತಿಯಲ್ಲಿ, ಉಬುಂಟುವನ್ನೇ ಕಲಿಸಿದರು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಅದರಲ್ಲಿ ಕೈಜೋಡಿಸಿತ್ತು. ಅದು ಮೆಚ್ಚಬೇಕಾದ ನಿರ್ಧಾರ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಟೈಪಿಸಬಹುದು, ಜಿಯೋಜೀಬ್ರದಲ್ಲಿ ರೇಖಾಗಣಿತ ತೋರಿಸಬಹುದು. ಆದರೆ ಹಾಕಿಕೊಟ್ಟ ಉಬುಂಟುವನ್ನು ಆಮೇಲೆ ನೋಡಿಕೊಳ್ಳುವವರು ಬೇಕು. 16.04ರ ಸಾಮಾನ್ಯ ಬೆಂಬಲ 2021ರ ಏಪ್ರಿಲ್‌ನಲ್ಲಿ ಮುಗಿಯಿತು, 18.04ರದು 2023ರ ಮೇ ತಿಂಗಳಲ್ಲಿ. 20.04ರದು 2025ರ ಮೇ 31ಕ್ಕೆ ಮುಗಿಯಿತು, ಅಂದರೆ ಕ್ವಾಲಿಸ್ ಈ ದೋಷಗಳನ್ನು ಪ್ರಕಟಿಸಿದ ಎರಡೇ ದಿನಕ್ಕೆ. ಒಬ್ಬ ಬಳಕೆದಾರನಿಗೆ ಐದು ಯಂತ್ರಗಳವರೆಗೆ ಪುಕ್ಕಟೆಯಾಗಿ ಸಿಗುವ ಉಬುಂಟು ಪ್ರೋ ಹಾಕಿಕೊಂಡರೆ ಕೆಲವು ಹಳೆಯ ಆವೃತ್ತಿಗಳಿಗೂ ಭದ್ರತಾ ಪ್ಯಾಚ್ ಬರುತ್ತದೆ. ಇದು ಗೊತ್ತಿರುವವರು ಒಬ್ಬರಾದರೂ ಪ್ರತಿ ಊರಿನಲ್ಲಿ ಇರಬೇಕಲ್ಲವೇ? ಕಲ್ಲೂರಿನಲ್ಲಿ ಅದು ನೀವೇ ಆಗಬೇಕು.

ವಿಂಡೋಸಿನವರು ನಿಟ್ಟುಸಿರು ಬಿಡುವುದು ಬೇಡ. ವಿಂಡೋಸ್ ಎರರ್ ರಿಪೋರ್ಟಿಂಗ್‌ನ ಒಂದು ದೋಷ, ಸಿವಿಇ-2023-36874, ಪ್ಯಾಚ್ ಬರುವ ಮೊದಲೇ ದಾಳಿಗೆ ಬಳಕೆಯಾಗುತ್ತಿತ್ತು. ಅದನ್ನು ಪತ್ತೆ ಮಾಡಿದ್ದು ಗೂಗಲ್‌ನ ತಂಡ, ಮೈಕ್ರೋಸಾಫ್ಟ್ ಮುಚ್ಚಿದ್ದು 2023ರ ಜುಲೈನಲ್ಲಿ. ಇನ್ನೊಂದನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿದರು. ಆ ವರ್ಷದ ಜೂನ್‌ನಲ್ಲಿ ಸಿಮ್ಯಾಂಟೆಕ್, ಬ್ಲ್ಯಾಕ್ ಬಸ್ಟಾ ಎಂಬ ಸುಲಿಗೆ ಸಾಫ್ಟ್‌ವೇರ್ ಹಂಚುವ ಗುಂಪು ಪ್ಯಾಚ್‌ಗೆ ಮೊದಲೇ ಅದನ್ನು ಬಳಸಿರಬಹುದು ಎಂದು ಹೇಳಿತು. ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿಗಳಲ್ಲಿ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರಗಳ ಸ್ಕ್ಯಾನ್ ತುಂಬಿಕೊಂಡ ವಿಂಡೋಸ್ ಯಂತ್ರಗಳಿರುತ್ತವೆ. ‘ಅಪ್‌ಡೇಟ್ ಬಂದ್ರ ನೆಟ್ ಖಾಲಿ ಆಗ್ತದ’ ಎಂದು ಅಪ್‌ಡೇಟ್ ನಿಲ್ಲಿಸಿರುತ್ತಾರೆ. ಅಂಗಡಿಯವನ ಕಷ್ಟ ನನಗೆ ಗೊತ್ತಿದೆ, ತಿಂಗಳ ಡೇಟಾಕ್ಕೂ ಅವನು ಲೆಕ್ಕ ಹಾಕಬೇಕು. ಆದರೆ ಅವನ ಯಂತ್ರದಲ್ಲಿರುವುದು ಊರಿನವರ ಹೊಲದ ದಾಖಲೆ.

ಡಂಪ್ ಎಂಬುದು ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಒಂದು ದೊಡ್ಡ ಉದಾಹರಣೆ. 2023ರಲ್ಲಿ ಸ್ಟಾರ್ಮ್-0558 ಎಂದು ಹೆಸರಿಟ್ಟ ದಾಳಿಕೋರರು ಅಮೆರಿಕ ಸರ್ಕಾರದ ಇಲಾಖೆಗಳ ಮೇಲ್ ಓದಿದರು. ಮೈಕ್ರೋಸಾಫ್ಟಿನ ಸಹಿ ಮಾಡುವ ಕೀಲಿಯೊಂದು ಅವರ ಕೈಸೇರಿತ್ತು. ಅದು ಹೇಗೆ ಹೋಯಿತು ಎಂದು ಹುಡುಕಿದ ಕಂಪನಿ, 2021ರ ಏಪ್ರಿಲ್‌ನ ಒಂದು ಕ್ರ್ಯಾಶ್ ಡಂಪಿನೊಳಗೆ ಕೀಲಿ ಸೇರಿಕೊಂಡಿತ್ತು, ಆ ಡಂಪ್ ಭದ್ರ ಜಾಲದಿಂದ ಹೊರಗೆ ಸಾಗಿತ್ತು ಎಂದು ಸೆಪ್ಟೆಂಬರ್‌ನಲ್ಲಿ ಬರೆಯಿತು. ಮರುವರ್ಷ, ಅಂಥ ಕೀಲಿಯಿರುವ ಡಂಪ್ ತನಗೆ ಸಿಕ್ಕಿಲ್ಲ ಎಂದು ತಿದ್ದಿಕೊಂಡಿತು. ಕಾರಣ ಇಂದಿಗೂ ಖಚಿತವಾಗಿಲ್ಲ. ಆದರೂ ಅಷ್ಟು ದೊಡ್ಡ ಕಂಪನಿ ಮೊದಲು ಬೆರಳು ತೋರಿಸಿದ್ದು ಡಂಪಿನ ಕಡೆಗೆ ಎಂಬುದನ್ನು ಗಮನಿಸಿ. ಕ್ರ್ಯಾಶ್ ವರದಿಯನ್ನು ಸಹಾಯ ಕೇಳಲು ವಾಟ್ಸ್ಯಾಪ್ ಗ್ರೂಪಿಗೆ ಹಾಕುವ ನಮ್ಮ ಹುಡುಗರು ಅದರೊಳಗೆ ತಮ್ಮ ಪಾಸ್‌ವರ್ಡ್, ತಮ್ಮ ಟೋಕನ್ ಇರಬಹುದು ಎಂದು ಯೋಚಿಸುವುದೇ ಇಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಜಾಗಕ್ಕೆ ಬಂದೆ. ಅಪೋರ್ಟ್‌ನಲ್ಲಿ ದೋಷ ಸಿಕ್ಕಿದ್ದು ಇದೇ ಮೊದಲಲ್ಲ. 2015ರ ಏಪ್ರಿಲ್‌ನಲ್ಲಿ ಗೂಗಲ್‌ನ ಟ್ಯಾವಿಸ್ ಆರ್ಮಂಡಿ ಒಂದನ್ನು ತೋರಿಸಿದರು. ಬಿದ್ದದ್ದು ಕಂಟೇನರಿನೊಳಗಿನ ಪ್ರೋಗ್ರಾಂ ಆದರೆ ಅಪೋರ್ಟ್ ಆ ಕಂಟೇನರಿನ ಫೋಲ್ಡರಿಗೆ ಇಳಿದು, ಅಲ್ಲಿ ‘ಅಪೋರ್ಟ್’ ಎಂಬ ಹೆಸರಿನಲ್ಲಿದ್ದ ಫೈಲನ್ನು ರೂಟ್ ಆಗಿ ಓಡಿಸುತ್ತಿತ್ತು. ಆ ಫೋಲ್ಡರನ್ನು ಕಟ್ಟಿದವನೇ ದಾಳಿಕೋರ. ಆ ಫೈಲೂ ಅವನದೇ. 2019ರಲ್ಲಿ ಕೆವಿನ್ ಬ್ಯಾಕ್‌ಹೌಸ್ ಎಂಬ ಸಂಶೋಧಕರು ಇನ್ನೊಂದನ್ನು ಹಿಡಿದರು. ಬಳಕೆದಾರನ ಮನೆ ಫೋಲ್ಡರಿನಲ್ಲಿರುವ ಒಂದು ಸೆಟ್ಟಿಂಗ್ ಫೈಲನ್ನು ಓದಲು ಅವನಿಗೆ ಹಕ್ಕಿದೆಯೇ ಎಂದು ಅಪೋರ್ಟ್ ಮೊದಲು ನೋಡುತ್ತಿತ್ತು, ಆಮೇಲೆ ರೂಟ್ ಆಗಿ ತೆರೆಯುತ್ತಿತ್ತು. ಆ ಎರಡರ ನಡುವಿನ ಸಂದಿನಲ್ಲಿ ಫೈಲನ್ನು ಬದಲಾಯಿಸಿದರೆ ರೂಟ್‌ನ ಗುಟ್ಟಿನ ಫೈಲೇ ಕ್ರ್ಯಾಶ್ ವರದಿಯೊಳಗೆ ಬಂದು ಕೂರುತ್ತಿತ್ತು. ಹತ್ತು ವರ್ಷಗಳಲ್ಲಿ, ಬೇರೆಬೇರೆ ಕೈಗಳಲ್ಲಿ, ಹೆಚ್ಚುಕಡಿಮೆ ಒಂದೇ ಬಗೆಯ ತಪ್ಪು: ಬಲವುಳ್ಳವನು ಬಲವಿಲ್ಲದವನ ಮಾತನ್ನು ಪರೀಕ್ಷಿಸದೆ ನಂಬಿದ್ದು. ಇದನ್ನು ಬರೆದವರು ದಡ್ಡರಲ್ಲ. ಬೀಳುವ ಪ್ರೋಗ್ರಾಂ ಬೇಕೆಂತಲೇ ಬೀಳಬಹುದು, ಬಿದ್ದಂತೆ ನಟಿಸಬಹುದು ಎಂಬ ಅನುಮಾನ ಸಹಾಯ ಮಾಡಲು ಬಂದವನ ತಲೆಗೆ ಸುಲಭವಾಗಿ ಹೊಳೆಯುವುದಿಲ್ಲ.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು 2016ರ ಡಿಸೆಂಬರ್‌ನ ಪ್ರಕರಣ. ಡನ್‌ಖಾ ಓ ಕಾರ್ವಲ್ ಎಂಬ ಐರಿಷ್ ಯುವಕ ಅಪೋರ್ಟ್‌ನ ಪೈಥಾನ್ ಕೋಡನ್ನು ಕೂತು ಓದಿದ. ಕ್ರ್ಯಾಶ್ ವರದಿಯ ಫೈಲಿನಲ್ಲಿ ‘ಕ್ರ್ಯಾಶ್‌ಡಿಬಿ’ ಎಂಬ ಒಂದು ಸಾಲಿರುತ್ತದೆ, ವರದಿ ಎಲ್ಲಿಗೆ ಹೋಗಬೇಕು ಎಂದು ಹೇಳುವ ಸಾಲು. ಆ ಸಾಲು ಹೂವಿನ ಆವರಣ ಚಿಹ್ನೆಯಿಂದ ಶುರುವಾದರೆ ಅಪೋರ್ಟ್ ಅದನ್ನು ಪೈಥಾನಿನ ‘ಇವ್ಯಾಲ್’ಗೆ ಕೊಟ್ಟುಬಿಡುತ್ತಿತ್ತು. ಪೈಥಾನ್ ಕಲಿತವರಿಗೆ ಇಲ್ಲಿ ಎದೆ ಧಸಕ್ ಅನ್ನಬೇಕು. ಇವ್ಯಾಲ್ ಎಂದರೆ ಬರೆದಿದ್ದನ್ನು ಬರಹವಾಗಿ ಓದದೆ ಆಜ್ಞೆಯಾಗಿ ಪಾಲಿಸುವುದು. ಯಾರೋ ಮೇಲ್‌ನಲ್ಲಿ ಕಳಿಸಿದ ಒಂದು ಕ್ರ್ಯಾಶ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು, ಅದರೊಳಗಿನ ಆಜ್ಞೆ ನಿಮ್ಮ ಯಂತ್ರದಲ್ಲಿ ಓಡುತ್ತಿತ್ತು. ಉಬುಂಟು 12.10ರಿಂದ ಅದು ಹಾಗೇ ಕೂತಿತ್ತು. ಎಲ್ಲರಿಗೂ ತೆರೆದಿದ್ದ ಕೋಡು, ವರ್ಷಗಟ್ಟಲೆ ಯಾರೂ ಆ ಸಾಲನ್ನು ನಿಂತು ಓದಿರಲಿಲ್ಲ.

ದೋಷಗಳನ್ನು ಮಾರುವ ವ್ಯಾಪಾರಿಯೊಬ್ಬ ಈ ಅಪೋರ್ಟ್ ದೋಷಗಳಿಗೆ 10,000 ಡಾಲರಿಗೂ ಹೆಚ್ಚು ಕೊಡಲು ಮುಂದೆ ಬಂದಿದ್ದನೆಂದು ಆ ಯುವಕನೇ ಬರೆದಿದ್ದಾನೆ. ಆಗಿನ ಲೆಕ್ಕದಲ್ಲಿ ಆರೂವರೆ ಲಕ್ಷ ರೂಪಾಯಿಯ ಮೇಲೆ. ಅವನು ಮಾರಲಿಲ್ಲ. ಡಿಸೆಂಬರ್ 9ರಂದು ಉಬುಂಟುವಿನವರಿಗೆ ತಿಳಿಸಿದ. 14ಕ್ಕೆ ಪ್ಯಾಚ್ ಬಂತು. ಕೋಟ್ಯಂತರ ಯಂತ್ರಗಳ ಮಾಲೀಕರಿಗೆ ತಮ್ಮ ಮೇಲೆ ಬೀಳಬಹುದಾಗಿದ್ದ ಆಪತ್ತು ತಪ್ಪಿದ್ದು ಗೊತ್ತೂ ಆಗಲಿಲ್ಲ.

ನಿಮಗೂ ಆ ಗಳಿಗೆ ಬರುತ್ತದೆ. ನೀವು ಜಾಣರಿದ್ದೀರಿ, ಬಂದೇ ಬರುತ್ತದೆ. ಕಾಲೇಜಿನ ಫಲಿತಾಂಶದ ಪೋರ್ಟಲಿನಲ್ಲಿ ಸಂದು ಕಂಡೀತು, ಇಲ್ಲಾ ಯಾವುದೋ ಇಲಾಖೆಯ ಅರ್ಜಿ ಪುಟದಲ್ಲಿ. ಟೆಲಿಗ್ರಾಂನಲ್ಲಿ ಯಾರೋ ಹಣದ ಮಾತೆತ್ತುತ್ತಾರೆ. ಮನೆಯಲ್ಲಿ ಸಾಲವಿರುತ್ತದೆ, ತುಂಗಭದ್ರೆಯ ಕಾಲುವೆಯ ಕೊನೆಭಾಗಕ್ಕೆ ನೀರು ಬಾರದೆ ಭತ್ತ ಒಣಗಿದ ವರ್ಷವಿರುತ್ತದೆ. ಆಗ ಬೇಡ ಅನ್ನುವುದು ಸುಲಭವಲ್ಲ, ನನಗೆ ಗೊತ್ತು. ಅದಕ್ಕೇ ಈಗಲೇ ಹೇಳುತ್ತಿದ್ದೇನೆ: ಮಾರಬೇಡಿ. ನೀವು ಮಾರಿದ ಸಂದಿನಿಂದ ಒಳಗೆ ಹೋಗುವವನು ಯಾರ ಮನೆಗೆ ನುಗ್ಗುತ್ತಾನೆ ಎಂಬುದು ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಕಾನೂನನ್ನೂ ತಿಳಿದುಕೊಳ್ಳಿ. ಇನ್ನೊಬ್ಬರ ಯಂತ್ರಕ್ಕೆ ಅನುಮತಿಯಿಲ್ಲದೆ ಕೈ ಹಾಕಿದರೆ, ಅದೂ ದುರುದ್ದೇಶದಿಂದ ಎಂದಾದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೆಯ ಕಲಮುಗಳ ಪ್ರಕಾರ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ‘ಸುಮ್ನ ಚೆಕ್ ಮಾಡಿದೆ’ ಎಂಬ ಮಾತು ಠಾಣೆಯಲ್ಲಿ ನಿಲ್ಲುವುದಿಲ್ಲ. ಪ್ರಯೋಗ ಮಾಡುವುದಿದ್ದರೆ ನಿಮ್ಮದೇ ಲ್ಯಾಪ್‌ಟಾಪಿನಲ್ಲಿ, ವರ್ಚುವಲ್ ಮಷೀನ್ ಹಾಕಿಕೊಂಡು ಮಾಡಿ. ಅಲ್ಲಿ ಎಷ್ಟು ಬೀಳಿಸಿದರೂ ಕೇಳುವವರಿಲ್ಲ. ದೋಷ ಸಿಕ್ಕರೆ ಮೊದಲು ಆ ಸಾಫ್ಟ್‌ವೇರ್ ಮಾಡಿದವರಿಗೆ, ಅವರು ಕಿವಿಗೊಡದಿದ್ದರೆ 2004ರಿಂದ ದೆಹಲಿಯಲ್ಲಿರುವ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ಬರೆಯಿರಿ. ಸಿವಿಇ ನಂಬರು ಕೊಡುವ ಅಧಿಕಾರ ಅದಕ್ಕೂ ಇದೆ. ರಾಯಚೂರಿನ ಹುಡುಗಿಯೊಬ್ಬಳು ಹಿಡಿದ ದೋಷಕ್ಕೆ ಆ ನಂಬರು ಬಂದರೆ ಅದು ಯಾವ ಸರ್ಟಿಫಿಕೇಟ್ ಕೋರ್ಸಿಗಿಂತಲೂ ತೂಕದ್ದು.

‘ನಮ್ಮಂಥವರಿಂದ ಇದೆಲ್ಲ ಆಗ್ತದೇನ್ರಿ?’ ಎಂದು ಕೇಳುತ್ತೀರಿ. ಹಿಂದುಳಿದ ಜಿಲ್ಲೆ, ಸಂವಿಧಾನದ 371-ಜೆ ವಿಧಿಯ ಮೀಸಲಾತಿ ಎಂದು ಕೇಳಿ ಕೇಳಿ ನಮ್ಮ ಮಕ್ಕಳ ಬೆನ್ನು ತಾನಾಗಿ ಬಾಗಿದೆ. ಮೀಸಲಾತಿ ನಮ್ಮ ಹಕ್ಕು, ಅದನ್ನು ತಲೆ ಎತ್ತಿ ಪಡೆಯಿರಿ. ಆದರೆ ಬುದ್ಧಿಗೆ ಹಿಂದುಳಿದ ಜಿಲ್ಲೆ ಎಂಬುದಿಲ್ಲ. ಚೀಕಲಪರ್ವಿಯಿಂದ ವಿಜಯದಾಸರು ಬಂದರು, ದೇವದುರ್ಗದ ಕಡೆಯ ಮೊಸರಕಲ್ಲಿನಿಂದ ಗೋಪಾಲದಾಸರು. ಮಾನ್ವಿಯ ಜಗನ್ನಾಥದಾಸರು ಬರೆದದ್ದನ್ನು ಇಂದಿಗೂ ನಾಡಿನ ವಿದ್ವಾಂಸರು ಕೂತು ಬಿಡಿಸುತ್ತಾರೆ. ಇವೆಲ್ಲ ನಮ್ಮ ಬಸ್ಸು ಓಡಾಡುವ ಊರುಗಳು. ರಾಯಚೂರಿನ ಹೆಸರಿನಲ್ಲೇ 2019ರಲ್ಲಿ ಐಐಐಟಿ ಶುರುವಾಯಿತು. ಅದರ ಗೇಟಿನೊಳಗೆ ಸೀಟು ಸಿಗದಿದ್ದರೂ ಚಿಂತೆಯಿಲ್ಲ, ಅಪೋರ್ಟ್‌ನ ಕೋಡಿಗೆ ಗೇಟಿಲ್ಲ. ಅದರ ಬಹುಭಾಗ ಪೈಥಾನ್‌ನಲ್ಲಿದೆ, ಎರಡನೆಯ ವರ್ಷದ ವಿದ್ಯಾರ್ಥಿ ಓದಬಲ್ಲಷ್ಟು ಸರಳ. ಹಳೆಯ ಆವೃತ್ತಿಯನ್ನೂ ಪ್ಯಾಚ್ ಆದದ್ದನ್ನೂ ಪಕ್ಕಪಕ್ಕದಲ್ಲಿಟ್ಟು ಏನು ಬದಲಾಯಿತು ಎಂದು ನೋಡಿ. ಒಂದು ಭಾನುವಾರದಲ್ಲಿ ಕಲಿಯುವುದು ಒಂದು ಸೆಮಿಸ್ಟರಿಗೆ ಸಮ.

ನೀವು ಬರೆಯುವ ಕೋಡಿನ ಬಗ್ಗೆ ಒಂದೇ ಕೋರಿಕೆ. ಎಲ್ಲವೂ ಸರಿಯಾಗಿ ನಡೆದಾಗ ಏನಾಗಬೇಕು ಎಂಬುದನ್ನು ಚೆಂದವಾಗಿ ಬರೆದು, ತಪ್ಪಾದಾಗ ಏನಾಗಬೇಕು ಎಂಬಲ್ಲಿ ‘ಎಕ್ಸೆಪ್ಟ್, ಪಾಸ್’ ಎಂದು ಎರಡು ಪದ ಹಾಕಿ ಎದ್ದು ಹೋಗುತ್ತೀರಿ. ವೈವಾದಲ್ಲಿ ಆ ಭಾಗವನ್ನು ಯಾರೂ ಕೇಳುವುದಿಲ್ಲ, ನಿಜ. ದಾಳಿಕೋರ ಮಾತ್ರ ಮೊದಲು ಓದುವುದು ಅದನ್ನೇ. ಬ್ಯಾಂಕಿನಲ್ಲೋ ಶಕ್ತಿನಗರದ ಥರ್ಮಲ್ ಸ್ಥಾವರದಂಥ ಕಡೆಯಲ್ಲೋ ಓಡುವ ಸಾಫ್ಟ್‌ವೇರನ್ನು ನಾಳೆ ನೀವೇ ಬರೆಯಬಹುದು. ತಪ್ಪಾದಾಗ ಓಡುವ ಕೋಡಿಗೆ ಬೇಕಾದಷ್ಟೇ ಅಧಿಕಾರ ಕೊಡಿ. ಅದಕ್ಕೆ ಬರುವ ಪ್ರತಿ ಹೆಸರನ್ನೂ ನಂಬರನ್ನೂ ಶತ್ರು ಕಳಿಸಿದ್ದು ಎಂದೇ ತಿಳಿದು ಪರೀಕ್ಷಿಸಿ. ಲಾಗ್ ಬರೆಯುವಾಗ ಪಾಸ್‌ವರ್ಡ್ ಅದರೊಳಗೆ ಬೀಳದಂತೆ ನೋಡಿ.

ಈ ವಾರ ಮಾಡಬೇಕಾದದ್ದು ಸಣ್ಣದು. ನೀವು ಓದಿದ ಪ್ರೌಢಶಾಲೆಗೆ ಹೋಗಿ, ಮೇಷ್ಟರ ಅನುಮತಿ ಕೇಳಿ, ಲ್ಯಾಬಿನ ಯಂತ್ರಗಳಲ್ಲಿ ಯಾವ ಉಬುಂಟು ಇದೆ ಎಂದು ನೋಡಿ. ಪ್ಯಾಚ್ ಬರುವ ಆವೃತ್ತಿಯಾದರೆ ಅಪ್‌ಡೇಟ್ ಮಾಡಿ, ತಾನಾಗಿ ಅಪ್‌ಡೇಟ್ ಆಗುವ ಸೆಟ್ಟಿಂಗ್ ಹಾಕಿ ಬನ್ನಿ. ಹಳೆಯದಾದರೆ ಬದಲಿಸಲು ನೆರವಾಗಿ. ತಕ್ಷಣಕ್ಕೆ ಅದೂ ಆಗದಿದ್ದರೆ, ಕರ್ನಲ್‌ನ ‘ಎಸ್‌ಯುಐಡಿ ಡಂಪೇಬಲ್’ ಎಂಬ ಸೆಟ್ಟಿಂಗನ್ನು ಸೊನ್ನೆಗೆ ಇಳಿಸಿ. ವಿಶೇಷ ಅಧಿಕಾರದ ಪ್ರೋಗ್ರಾಮುಗಳು ಬಿದ್ದಾಗ ಡಂಪ್ ಆಗುವುದೇ ನಿಲ್ಲುತ್ತದೆ. ಕ್ವಾಲಿಸ್‌ನವರೂ ಸೂಚಿಸಿದ ತಾತ್ಕಾಲಿಕ ಉಪಾಯ ಅದು. ಹೇಗೆ ಮಾಡುವುದೆಂದು ಗೊತ್ತಾಗದಿದ್ದರೆ ಲ್ಯಾಪ್‌ಟಾಪ್ ತೆಗೆದುಕೊಂಡು ಕಲ್ಲೂರಿಗೆ ಬನ್ನಿ. ಮಹಾಲಕ್ಷ್ಮಿ ಗುಡಿಗೆ ಬಂದವರು ನಮ್ಮ ಮನೆಗೂ ಬನ್ನಿ, ಕೂತು ಮಾಡೋಣ.